ಹಕ್ಕರಕಿ ಒಡಪು

"ನಿಮ್ಮ ಯಜಮಾನ್ರ ಹೆಸರೇನಮ್ಮಾ?" ಡಾಕ್ಟರಮ್ಮ ಮತ್ತೊಮ್ಮೆ ಕೇಳಿದರು.

ಸಾವಿತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಡಾಕ್ಟರಮ್ಮ ಏನೋ ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಗಂಡ ಹುಚ್ಚೀರಪ್ಪನಿಗೆ ಕಸಿವಿಸಿಯಾಯಿತು.

"ಮರತಿಲ್ರೀ ಆಕಿ. ಗಂಡನ ಹೆಸರು ಬರೇ ಬಾಯಿಲೆ ಹ್ಯಾಂಗ ಹೇಳತಾಳ್ರಿ? ಒಡಪು ಹಾಕಿ, ಪದಾ ಕಟ್ಟಿ ಅದರಾಗ ಸೇರಿಸಿ ಹೇಳಬೇಕು."

"ಹಾಗಾದ್ರೆ ಒಡಪೇ ಹಾಕಿ, ಕೇಳೋಣ," ಎಂದು ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಸಾವಿತ್ರೆವ್ವ ಬಿಳಿ ಗೋಡೆ ನೋಡಿದಳು, ತಿರುಗುವ ಫ್ಯಾನು ನೋಡಿದಳು. ಒಡಪು ನೆನಪಾಗಲಿಲ್ಲ. ಇತ್ತೀಚೆಗೆ ಹೀಗೇ. ಒಲೆ ಹಚ್ಚಿ ಮರೆಯುವಳು, ಸೊಸೆ ಕಾಂಚನಾಳನ್ನು ತಂಗಿಯೆಂದು ಕರೆಯುವಳು.

ಬೆಟಗೇರಿಗೆ ಮರಳಿ ಆಟೋ ಇಳಿದವಳೇ ಮನೆಯ ಹಿಂದಿನ ಖುಲ್ಲಾ ಜಾಗಕ್ಕೆ ನಡೆದಳು. ಅಲ್ಲೊಂದು ಬೇವಿನ ಗಿಡ, ಅದರ ಸುತ್ತ ಯಾರೂ ಬಿತ್ತದೆ ಹಬ್ಬಿದ ಹಕ್ಕರಕಿ. ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಬೆಳೆದ ಅವಳಿಗೆ ಆ ಹಸಿಸೊಪ್ಪಿಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಎಲೆ ಚಿವುಟುತ್ತ ತಾನಾಗಿ ರಾಗ ತೆಗೆದಳು:

"ಹಕ್ಕರಕಿ ಹಸರ, ಉಳ್ಳಾಗಡ್ಡಿ ಖಾರ,
ಹುಚ್ಚೀರಪ್ಪನ ಹೆಸರ ಕೇಳವರು ಯಾರ?"

"ಇದನ್ನ ಅಲ್ಲಿ ಹೇಳಾಕ ಏನಾಗಿತ್ತು ನಿನಗ?"

"ಅಲ್ಲಿ ಹಕ್ಕರಕಿ ಎಲ್ಲಿತ್ರಿ?"

ಗುಳಿಗೆಯ ಜೊತೆಗೆ ದಿನಾ ಒಂದಿಷ್ಟು ಹೊತ್ತು ಗಿಡಗಂಟಿಗಳ ನಡುವೆ ಕೂರಿಸಿ, ಒಳಗೇ ಇಡಬೇಡಿ ಎಂದು ಡಾಕ್ಟರಮ್ಮನೂ ಹೇಳಿದ್ದರು. ಅಂದಿನಿಂದ ಹೊತ್ತು ಇಳಿಯುತ್ತಲೇ ಹುಚ್ಚೀರಪ್ಪ ಮಗ್ಗ ನಿಲ್ಲಿಸಿ ಅವಳ ಜೊತೆ ಅಲ್ಲಿ ಕೂರುತ್ತಿದ್ದ. ನೆರೆಮನೆಯ ಅಲ್ಮಾಸಬಿ, ತನ್ನ ಆಡುಗಳು ಸೊಪ್ಪಿಗೆ ಬಾಯಿ ಹಾಕದಿರಲೆಂದು, ಅವನ್ನು ಓಣಿಯ ಆಚೆ ತುದಿಗೆ ಕಟ್ಟತೊಡಗಿದಳು. ಬೇವಿನ ನೆರಳಲ್ಲಿ ಸಾವಿತ್ರೆವ್ವನಿಗೆ ತವರಿನ ಎಮ್ಮೆಗಳ ಹೆಸರುಗಳು ನೆನಪಿಗೆ ಬರುತ್ತಿದ್ದವು, ಗಂಡನನ್ನು ಹಂಗಿಸುವ ಹುರುಪೂ ಬರುತ್ತಿತ್ತು. "ಮಗ್ಗದ ಕುಣಿಯಾಗ ಕುಂತು ಕುಂತು ನಿಮ್ಮ ಕಾಲು ಕೋಲಾಗ್ಯಾವ ನೋಡ್ರಿ!"

ಬೇಸಿಗೆಯಲ್ಲಿ ಆ ಖುಲ್ಲಾ ಜಾಗದ ಒಡೆಯ ಸೋಮೇಶ ಬಂದು, ಚಪ್ಪಲಿ ಹೊರಗೆ ಬಿಟ್ಟು ಕೂತ. "ಕಾಕಾ, ಮಗಳ ಸಂಸಾರಕ್ಕ ಮನಿ ಕಟ್ಟಬೇಕಾಗೈತ್ರಿ. ನಾ ಏನ ಮಾಡ್ಲಿ?"

"ನಿನ್ನ ಜಾಗ. ಕಟ್ಟಪಾ," ಅಂದ ಹುಚ್ಚೀರಪ್ಪ.

ಜೆಸಿಬಿ ಬಂದ ದಿನ ಸೋಮೇಶನೇ ಅದನ್ನು ನಿಲ್ಲಿಸಿ, ಬೇರು-ಮಣ್ಣುಸಮೇತ ಒಂದು ಹೆಂಟೆ ಹಕ್ಕರಕಿ ಅಗೆದು, ಎಣ್ಣೆ ಡಬ್ಬಿಯಲ್ಲಿಟ್ಟು ಇವರ ಬಾಗಿಲಿಗೆ ತಂದುಕೊಟ್ಟ. ಸಾವಿತ್ರೆವ್ವ ಬಗ್ಗಿ ನೋಡಿದಳು. "ಪಾಪ, ಇದರಾಗ ಯಾಕ ಕುಂತೈತಿ ಇದು?" ಎಂದಳು. ಆಮೇಲೆ ಅತ್ತ ತಿರುಗಲಿಲ್ಲ. ಗಿಡಗಂಟಿ ಇದ್ದ ಊರಿನ ಉದ್ಯಾನ ದೂರ. ಒಮ್ಮೆ ಕಾಂಚನಾ ಅವಳ ಕೈಹಿಡಿದು ಅಲ್ಲಿಗೆ ಹೊರಟಳು. ನಡುರಸ್ತೆಯಲ್ಲಿ ಆಟೋಗಳ ಸದ್ದಿಗೆ ಅತ್ತೆ ಕಿವಿ ಮುಚ್ಚಿಕೊಂಡು ಕುಸಿದು ಕೂತದ್ದು ಕಂಡು, ಸೊಸೆಯೂ ಅತ್ತು ಮರಳಿದಳು. ಮನೆಯ ಹಿಂದೆ ಗೋಡೆ ಎದ್ದಿತು. ಸಾವಿತ್ರೆವ್ವನ ಮಾತು ಕಡಿಮೆಯಾಗುತ್ತ ಬಂತು.

ಶ್ರಾವಣದ ಒಂದು ಸಂಜೆ ಹೊಸ್ತಿಲಿನಿಂದ ಕೂಗು ಕೇಳಿತು.

"ಹುಚ್ಚೀರಪ್ಪಾ!"

ಮಗ್ಗದ ಲಾಳಿ ಕೈಯಲ್ಲೇ ನಿಂತಿತು. ಒಡಪಿಲ್ಲದೆ ಬರಿದೇ ಒಂದು ಸಲ ಹೆಸರು ಕರೆ ಎಂದು ಆತ ಜನ್ಮವಿಡೀ ಕಾಡಿಸಿದ್ದ, ಆಕೆ ಕರೆದಿರಲಿಲ್ಲ. ಹಾಲು ತಂದಿದ್ದ ಅಲ್ಮಾಸಬಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಓ..." ಎನ್ನುತ್ತ ಆತ ಕುಣಿಯಿಂದೆದ್ದು ಬಂದ.

ಸಾವಿತ್ರೆವ್ವ ಸೆರಗು ಹೊದ್ದು ಬದಿಗೆ ಸರಿದಳು. "ಅಜ್ಜಾ, ಹುಚ್ಚೀರಪ್ಪ ಅನ್ನಾವ ಇದ ಮನ್ಯಾಗ ಅದಾನೇನ್ರಿ? ಹೊತ್ತು ಮುಳಗಾಕತ್ತೈತಿ. ನನ್ನ ಕರಕೊಂಡು ಹೋಗಬೇಕಿತ್ತು."

ಹುಚ್ಚೀರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಬರ್ತಾನವಾ. ಕುಂಡ್ರು."

ಡಬ್ಬಿಯಿಂದ ಒಂದು ಎಲೆ ಕಿತ್ತು ಆಕೆಯ ಅಂಗೈಯಲ್ಲಿಟ್ಟ. "ಹಕ್ಕರಕಿ ಹಸರ, ಉಳ್ಳಾಗಡ್ಡಿ ಖಾರ..." ಎಂದು ನಿಲ್ಲಿಸಿ, ಕಾದ.

ಸಾವಿತ್ರೆವ್ವ ಎಲೆಯನ್ನು ಮೂಸಿದಳು. ತಿನ್ನಲಿಲ್ಲ. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು.

"ಅವಗ ಭಾಳ ಸೇರತೈತ್ರಿ ಇದು," ಎಂದು ಬಾಗಿಲ ಕಟ್ಟೆಯ ಮೇಲೆ ಓಣಿಯ ಕಡೆ ನೋಡುತ್ತ ಕೂತಳು. ಹುಚ್ಚೀರಪ್ಪನೂ ತುಸು ದೂರದಲ್ಲಿ, ಅದೇ ಕಟ್ಟೆಯ ಮೇಲೆ ಕೂತ.