ಏಳನೇ ಮಂಚದ ಕಾಲು

“ಮಂಚದ ಕಾಲು ಅಲ್ಲಾಡ್ತಿದೆ ಅಂತ ಬಂದು ಹೇಳಿದ್ದು ಯಾರೇ, ದರಿದ್ರ ಮುಂಡೆ? ನೀನೇ ತಾನೆ? ಅಂದ್ಮೇಲೆ ಮುರಿದಿದ್ದೂ ನೀನೇ. ಒತ್ತು.”

ಹೆಡ್ ನರ್ಸ್ ರಮಾಬಾಯಿ ಪುಸ್ತಕ ಮುಂದೆ ತಳ್ಳಿದಳು. ಮದರಾಸಿನ ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಏನು ಒಡೆಯಲಿ, ಯಾರು ಬೀಳಲಿ, ಇಂಗ್ಲಿಷಿನಲ್ಲಿ ಒಂದೇ ಸಾಲು: ಆಯಾಳ ಅಜಾಗರೂಕತೆ. ಕೆಳಗೆ ಆಯಾಳ ಹೆಬ್ಬೆಟ್ಟು. ಮೂರಾದರೆ ಕೆಲಸ ಹೋಯಿತು. ಆಯಾ ತುಂಗಾ ತನ್ನ ಎರಡನೆಯದನ್ನು ಒತ್ತಿದಳು. ಮೊದಲನೆಯದು, ಹೋದ ತಿಂಗಳು ಅದೇ ಏಳನೇ ಮಂಚದಿಂದ ಮುದುಕಿಯೊಬ್ಬಳು ಬಿದ್ದದ್ದಕ್ಕೆ.

“ಬಾಯಿ ಮುಚ್ಕಂಡ್ ಇಪ್ಪುಕೆ ಎಂತ ದಾಡಿ ನಿಂಗೆ?” ಅಂದಳು ಜೊತೆಯ ಆಯಾ ಸುಗುಣಾ. ಇಬ್ಬರೂ ಕುಂದಾಪುರದ ಕಡೆಯವರು. “ನಮಗೆಲ್ಲ ಕಣ್ಣಿಲ್ಯಾ? ಕಂಡ್ರೂ ಸುಮ್ನಿಲ್ಯಾ?”

“ನಾಳೆ ಸರಸನ್ನ ಅದ್ರಲ್ಲೇ ಮಲಗ್ಸ್ತ್ರ್ ಅಂಬ್ರ್. ಸೊಂಟ ಕೊಯ್ಸ್ಕಂಡ ಹೆಂಗ್ಸ್. ಬಿದ್ರೆ ಮತ್ತೆ ಏಳುಕಿತ್ತಾ?” ಅಂದಳು ತುಂಗಾ.

ಮರುದಿನ ಬೆಳಿಗ್ಗೆ ತುಂಗಾ ಏಳನೇ ಮಂಚಕ್ಕೆ ಇದ್ದುದರಲ್ಲೇ ಬೆಳ್ಳಗಿನ ಚಾದರ ಹಾಸಿ, ಮೂಲೆಗಳನ್ನು ಎಳೆದು ಸಿಕ್ಕಿಸಿದಳು. ಆಮೇಲೆ ಪುಸ್ತಕದ ಖಾಲಿ ಪುಟ ತೆರೆದು ಹೆಬ್ಬೆಟ್ಟು ಒತ್ತಿದಳು.

“ಪೈತ್ಯಾನಾ ನಿಂಗೆ? ಇನ್ನೂ ಏನೂ ಆಗಿಲ್ವಲ್ಲೇ,” ಅಂದಳು ರಮಾಬಾಯಿ.

“ಇನ್ನ್ ಆತ್ತ್ ಅಮ್ಮ. ಹೆಂಗೂ ತಪ್ಪ್ ನಂದೇ ಅಲ್ದಾ.”

ಸೂಪರಿಂಟೆಂಡೆಂಟ್ ಮಹಾಲಿಂಗಪ್ಪನವರು ರೌಂಡ್ಸಿಗೆ ಬಂದರು. ಭಾರೀ ಆಳು. ಖಾಲಿ ಮಂಚ ಕಂಡಲ್ಲಿ ಕುಳಿತು, ಆಯಾಗಳನ್ನು ಸಾಲಾಗಿ ನಿಲ್ಲಿಸಿ ಉಗಿಯುವುದು ಅವರ ರೂಢಿ.

“ಹೇಲು ಬಾಚೋ ಕೈಗಳಿಗೆ ಶಿಸ್ತು ಎಲ್ಲಿಂದ ಬರ್ಬೇಕು,” ಎಂದು ಶುರು ಮಾಡಿದರು.

“ಕೂಕಣಿ ಸಾಮಿ,” ತುಂಗಾ ಚಾದರ ಸವರಿದಳು.

ರಮಾಬಾಯಿಯ ಬಾಯಿ ತೆರೆಯಿತು. ಮಂಚದ ವಿಷಯವನ್ನು ಅವಳು ಮೇಲಕ್ಕೆ ಮುಟ್ಟಿಸಿಯೇ ಇರಲಿಲ್ಲ. ಈಗ ಹೇಳಿದರೆ, ಹೇಳಿದವಳೂ ಮುರಿದವಳೂ ಅವಳೇ ಆಗುತ್ತಾಳೆ. ಬಾಯಿ ಮುಚ್ಚಿತು.

ಮಹಾಲಿಂಗಪ್ಪನವರು ಕುಳಿತರು. ಮಂಚದ ಕಾಲು ಲಟಕ್ಕೆಂದಿತು. ಮರುಕ್ಷಣ ಅವರ ಬೂಟುಗಳು ಫ್ಯಾನಿನ ಕಡೆ ನೋಡುತ್ತಿದ್ದವು. ವಾರ್ಡಿನ ಹೆಂಗಸರೆಲ್ಲ ಒಟ್ಟಿಗೆ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡರು.

ಸ್ಟ್ರೆಚರಿನಲ್ಲಿ ಸರಸಳನ್ನು ತಂದವರು ಬಾಗಿಲಲ್ಲೇ ನಿಂತು ನೋಡಿ, ಯಾರೂ ಹೇಳದೆಯೇ ಹನ್ನೊಂದನೇ ಮಂಚದ ಕಡೆ ತಿರುಗಿದರು.

ತುಂಗಾ ಪುಸ್ತಕ ತಂದು ರಮಾಬಾಯಿಯ ಮುಂದೆ ಬಿಡಿಸಿದಳು. “ಬರೀರಮ್ಮ. ಹೆಬ್ಬೆಟ್ಟ್ ತಯಾರಿತ್ತ್. ಬಿದ್ದದ್ ಯಾರ್ ಅಂದೇಳಿ ಮಾತ್ರ ದೊಡ್ಡ ಅಕ್ಷರದಲ್ಲಿ ಬರೀರಿ.”

ಪೆನ್ನು ಅಲ್ಲಾಡಲಿಲ್ಲ.

ಸುಗುಣಾ ಮುಂದೆ ಬಂದಳು. ಮಸಿಯಲ್ಲಿ ಬೆರಳು ಅದ್ದಿ, ತುಂಗಾಳ ಗುರುತಿನ ಪಕ್ಕ ತನ್ನದನ್ನು ಒತ್ತಿದಳು.

“ನೀನ್ಯಾಕೇ?” ಅಂದಳು ರಮಾಬಾಯಿ.

“ನಾನೂ ಕಂಡಿದ್ದೆ,” ಅಂದಳು ಸುಗುಣಾ. ಅವಳ ಹಿಂದೆ ಉಳಿದ ಆಯಾಗಳು ಸಾಲುಗಟ್ಟಿದ್ದರು, ಶಿಸ್ತಾಗಿ.