ಬೇಗೂರಿನ ಮಳೆ ಇದ್ದ ಡಿಸ್ಕು

ಪಂಕಜಾ ಸಂಜೆ ಗಿರಿನಗರದ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ ಪರಮಶಿವಯ್ಯ ಕೇಳುತ್ತಿದ್ದುದು ಒಂದೇ ಮಾತು. "ಇವತ್ತು ಯಾವ ವರ್ಷದ ಮಳೆ ಹಾಕ್ದೆ?"

ಬೇಗೂರಿನ ಮಳೆಮಾಪಕ ನೋಡಿಕೊಳ್ಳುತ್ತಿದ್ದವರು ಅವರು. ಜ್ವರವಿರಲಿ ಹಬ್ಬವಿರಲಿ, ದಿನಾ ಬೆಳಿಗ್ಗೆ ಹೋಗಿ ಹಿಂದಿನ ದಿನದ ಮಳೆ ಅಳೆದು ಬರೆದಿಟ್ಟು ಆಯಸ್ಸು ಸವೆಸಿದ್ದರು. ಗೆದ್ದಲು ಹತ್ತಿದ ಆ ಕಾಗದಗಳೆಲ್ಲ ಜಯನಗರದ ಒಂದು ಕಂಪ್ಯೂಟರ್ ಕಚೇರಿಗೆ ಬಂದವು. ಅಲ್ಲಿ ಕೂತು ಟೈಪು ಮಾಡುವ ಕೆಲಸ ಮಗಳದೇ ಆಯಿತು. ಟೈಪಾದ ಕಾಗದವನ್ನು ಗೆದ್ದಲು ಹರಡೀತೆಂದು ಹಿತ್ತಲಲ್ಲಿ ಸುಡುತ್ತಿದ್ದರು. ಟೇಪಿಗೆ ಇನ್ನೊಂದು ಪ್ರತಿ ಇಳಿಸೋಣವೆಂದರೆ ಟೇಪಿನ ಯಂತ್ರ ಕೆಟ್ಟು, ಅದರ ಬಿಡಿಭಾಗ ಮದರಾಸಿನ ಬಂದರಿನಲ್ಲೇ ಉಳಿದಿತ್ತು. ಹೀಗಾಗಿ ಬೇಗೂರಿನ ಮಳೆ ಇದ್ದದ್ದು ಕಂಪ್ಯೂಟರಿಗೆ ಜೋಡಿಸಿದ್ದ ಡಿಸ್ಕು ಪೆಟ್ಟಿಗೆಗಳಲ್ಲಿ ಮೂರನೆಯದರ ಡಿಸ್ಕಿನಲ್ಲಿ ಮಾತ್ರ. ಕೊನೆಯ ಒಂದು ಕಟ್ಟು ಟೈಪಾಗುವುದು ಬಾಕಿಯಿತ್ತು.

ಎಂಬತ್ತಾರನೇ ಇಸವಿಯ ಆಯುಧಪೂಜೆ ಮುಗಿದ ಮೇಲೆ ಕಚೇರಿ ತೆರೆದ ದಿನ. ಎಂಜಿನಿಯರು ಅನಂತಪದ್ಮನಾಭ ಯಂತ್ರದ ಮುಂದೆ ಕೂತಿದ್ದರು. ಇದ್ದದ್ದು ಒಂದೇ ಯಂತ್ರವಾದರೂ ಅದರೊಳಗೆ ಇಲ್ಲದ ಹಲವು ಯಂತ್ರಗಳು ಇದ್ದ ಹಾಗೆ ನಡೆಯುತ್ತಿದ್ದವು. ಅವಕ್ಕೆಲ್ಲ ಡಿಸ್ಕಿನ ಜಾಗ ಹಂಚಿ ಕಾವಲಿರುತ್ತಿದ್ದುದು ಮೇಲಿನ ಒಂದು ಪ್ರೋಗ್ರಾಮು.

"ಕೂಡುಮನೆ ಇದ್ದ ಹಾಗೆ ಇದು," ಎಂದರು ಅವರು. "ಉಗ್ರಾಣದ ಬೀಗದಕೈ ಅತ್ತೆ ಸೊಂಟದಲ್ಲಿ. ಸೊಸೆಯರಿಗೆ ಅಳೆದು ಅಳೆದು ಕೊಡೋದು. ಇವತ್ತು ಹೊಸ ಸೊಸೆಗೆ ಒಂದು ಇಡೀ ಡಿಸ್ಕು ಬಿಟ್ಟುಕೊಡ್ತಿದೀನಿ. ಇನ್ನು ಅತ್ತೇನ ಕೇಳ್ಬೇಕಾಗೇ ಇಲ್ಲ."

"ಸೊಸೆ ಉಗ್ರಾಣ ಗುಡಿಸಿಹಾಕಿಬಿಟ್ರೆ ಸಾರ್?" ಎಂದ ಅಟೆಂಡರ್ ಚಿನ್ನಪ್ಪ.

"ಖಾಲಿ ಉಗ್ರಾಣನೇ ಕಣಯ್ಯ ಕೊಡ್ತಿರೋದು. ನಾಲ್ಕನೇದು. ಪಂಕಜಾ, ನಿಮ್ಮ ಕೆಲಸ ಸ್ವಲ್ಪ ನಿಲ್ಸಿ."

ಪಂಕಜಾ ನಿಲ್ಲಿಸಿದಳು. ಅವರು ನಾಲ್ಕೆಂದು ಒತ್ತಿದರು. ಹೊಸ ಸೊಸೆ ತನ್ನ ಡಿಸ್ಕನ್ನು ಮೊದಲಿಂದ ಅಳಿಸಿ ಅಣಿಮಾಡಿಕೊಳ್ಳತೊಡಗಿತು. ಚಿನ್ನಪ್ಪ ಕಾಫಿ ತರಲು ಫ್ಲಾಸ್ಕು ಕೈಗೆತ್ತಿಕೊಂಡ.

"ಸಾರ್," ಎಂದಳು ಪಂಕಜಾ, "ದೀಪ ನನ್ನ ಪೆಟ್ಟಿಗೇಲಿ ಮಿನುಗ್ತಿದೆ."

ಅನಂತಪದ್ಮನಾಭ ತಿರುಗಿ ನೋಡಿದರು. ಪ್ರತಿ ಪೆಟ್ಟಿಗೆಯ ಮುಖದಲ್ಲೂ ಕಿತ್ತು ಹಾಕಬಹುದಾದ ಒಂದು ನಂಬರಿನ ಬಿಲ್ಲೆ. ದಿನದ ಕೆಲಸಕ್ಕೆ ಯಂತ್ರ ಡಿಸ್ಕನ್ನು ಅದರೊಳಗೆ ಬರೆದ ಹೆಸರಿನಿಂದ ಹುಡುಕಿಕೊಳ್ಳುತ್ತಿತ್ತು; ಪೆಟ್ಟಿಗೆಯನ್ನು ನಂಬರಿನಿಂದ ಕರೆಯುವಾಗ ಮಾತ್ರ ಆ ಬಿಲ್ಲೆಯೇ ಅದರ ನಂಬರು. ಮಳೆಯಿದ್ದ ಪೆಟ್ಟಿಗೆಗೆ ಈಗ ನಾಲ್ಕರ ಬಿಲ್ಲೆ ಕೂತಿತ್ತು, ಅಂಚಿನಲ್ಲಿ ಕುಂಕುಮ ಮೆತ್ತಿಕೊಂಡು.

ಪೂಜೆಗೆಂದು ಚಿನ್ನಪ್ಪ ಬಿಲ್ಲೆಗಳನ್ನು ಕಿತ್ತು, ಒರೆಸಿ, ಸ್ಕ್ರೂಡ್ರೈವರು ಕತ್ತರಿಗಳ ಜೊತೆ ತಟ್ಟೆಯಲ್ಲಿಟ್ಟಿದ್ದ. ಮಂಗಳಾರತಿ ಆದ ಮೇಲೆ ಪಂಕಜಾ ಒಂದೊಂದಾಗಿ ಎತ್ತಿ ಕೊಟ್ಟಿದ್ದಳು, ಅವನು ಸಿಕ್ಕಿಸಿದ್ದ.

ಅನಂತಪದ್ಮನಾಭ ಓಡಿ ಹೋಗಿ ಪೆಟ್ಟಿಗೆಯ ಗುಂಡಿ ಅದುಮಿದರು. ಒಳಗಿನ ತಿರುಗಾಟ ತನ್ನ ಹೊತ್ತು ತೆಗೆದುಕೊಂಡೇ ನಿಂತಿತು. ಅಷ್ಟು ಹೊತ್ತೂ ಮೂವರೂ ಆ ಸದ್ದನ್ನೇ ಕೇಳುತ್ತ ನಿಂತರು.

"ಉಳಿದಿರೋದನ್ನ ತೆಗೀಬಹುದಾ ಸಾರ್?" ಎಂದಳು ಪಂಕಜಾ.

"ಮೊದಲು ಹೋಗೋದೇ ಯಾವುದು ಎಲ್ಲಿದೆ ಅನ್ನೋ ಗುರುತು. ಚೂರುಪಾರು ಉಳಿದಿದ್ರೂ ಯಾವ ದಿನದ್ದು ಅಂತ ಹೇಗೆ ಹೇಳೋದು?" ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಅತ್ತೆ ನಡುವೆ ಇದ್ದಿದ್ರೆ ತಡೀತಿತ್ತು. ನಾನೇ ಅಲ್ವಾ ಪಕ್ಕಕ್ಕೆ ಸರಿಸಿದ್ದು."

"ಸರಿಯಾಗೇ ಹಾಕ್ದೆ ಅನ್ಕೊಂಡಿದ್ದೆ ಕಣಕ್ಕ," ಎಂದ ಚಿನ್ನಪ್ಪ.

ಅವನನ್ನು ಬೈಯಲು ಪಂಕಜಾಗೆ ಬಾಯಿ ಬರಲಿಲ್ಲ. ತಾನು ಕೊಟ್ಟದ್ದು ತಪ್ಪಿತೋ, ಅವನು ಸಿಕ್ಕಿಸಿದ್ದು ತಪ್ಪಿತೋ. ಗೊತ್ತಾಗಿ ತಾನೇ ಏನು? ಹಿತ್ತಲಿಗೆ ಹೋಗಿ ನೋಡಿದಳು. ಬೂದಿಯನ್ನು ಯಾರೋ ಬಾಳೆಗಿಡದ ಬುಡಕ್ಕೆ ಹಾಕಿದ್ದರು.

ಸಂಜೆ ಮನೆಯಲ್ಲಿ ಪರಮಶಿವಯ್ಯ ಜಗಲಿಯ ಮೇಲೆ ಕೂತಿದ್ದರು. "ಇವತ್ತು ಯಾವ ವರ್ಷದ ಮಳೆ?"

"ಇವತ್ತು ಬೇರೆ ಕೆಲಸ ಇತ್ತಪ್ಪ." ಅವಳು ಒಳಗಿಂದ ಚೊಂಬಿನಲ್ಲಿ ನೀರು ತಂದು ಕುಡಿಯುತ್ತ ಬಾಗಿಲಲ್ಲಿ ನಿಂತಳು.

"ಹೋಗ್ಲಿ ಬಿಡು. ನೀನು ಹುಟ್ಟಿದ ವಾರ ಕೆರೆ ಕೋಡಿ ಹರೀತು ನೋಡು, ಆ ಮಳೆ ಎಷ್ಟಿತ್ತು ಅಂತ ಬೆಳಿಗ್ಗೆಯಿಂದ ನೆನಪು ಮಾಡ್ಕೋತಿದ್ದೆ. ಬರ್ಲೇ ಇಲ್ಲ. ಮೊದಲಾಗಿದ್ರೆ ನಿದ್ದೆ ಬರ್ತಿರ್ಲಿಲ್ಲ ನನಗೆ. ಈಗ ನಾನ್ಯಾಕೆ ಒದ್ದಾಡ್ಲಿ, ಅಲ್ಲಿ ಇದೆಯಲ್ಲ. ನಾನು ಮರೆತ್ರೂ ನಡೆಯುತ್ತೆ. ನಾಳೆ ನೋಡ್ಕೊಂಡು ಬಾ."

ಪಂಕಜಾ ತಲೆಯಾಡಿಸಿದಳು. ನೀರು ಮುಗಿದಿದ್ದರೂ ಚೊಂಬನ್ನು ಬಾಯಿಂದ ಇಳಿಸಲಿಲ್ಲ.