ಅಮ್ಮನ ಪಾಲಿನ ಮೌನ

ಒಂದು ಉಬ್ಬು, ಅದರ ಬೆನ್ನಿಗೇ ಇನ್ನೊಂದು ಉಬ್ಬು, ಅದಕ್ಕೆ ಅಂಟಿಕೊಂಡು ಮತ್ತೊಂದು, ಲಿಫ್ಟಿನಲ್ಲಿ ಒತ್ತಿ ನಿಂತವರ ಹಾಗೆ— ಕಂಪ್ಯೂಟರ್ ಪರದೆಯ ಮೇಲೆ ಅಮ್ಮನ ಮಾತಿನ ಪಾಠದ ಧ್ವನಿ ಹೀಗೆ ಕಾಣುತ್ತದೆ, ನೀರು ಬಾಗಿಲು ಚಮಚ ಕಿಟಕಿ, ನಡುವೆ ಒಂದು ಉಸಿರಿಗೂ ಎಡೆಯಿಲ್ಲ, ಕಿವಿಯಲ್ಲಿ ಇನ್ನೂ ಚಿಕ್ಕಮ್ಮನ ಫೋನು ಗುಂಯ್ಗುಡುತ್ತಿದೆ, ಸ್ಪೀಕರಲ್ಲಿರೋ ಆ ಮೇಡಮ್ಮು ಉಸಿರೇ ಬಿಡಲ್ಲ ಕಣೇ, ನಾನು ಹೇಳಿದ್ದನ್ನ ಹೇಳಿ ಅಂತಾಳೆ, ನಿಮ್ಮಮ್ಮ ಬಾಯಿ ತೆಗೆಯೋಷ್ಟರಲ್ಲಿ ಮುಂದಿನದಕ್ಕೆ ಓಡಿರ್ತಾಳೆ, ನಾನೇ ಜೊತೆಗೆ ಹೇಳೋಕೆ ಹೋದೆ, ಚಮಚ ಅನ್ನೋ ಹೊತ್ತಿಗೆ ಕಿಟಕಿ ಬಂತು, ನನಗೇನು ಮೆದುಳಿಗೆ ಏಟು ಬಿದ್ದಿದೆಯಾ. ಊಟದ ಡಬ್ಬಿ ಮುಚ್ಚಳ ತೆಗೆದಂತೆಯೇ ಇದೆ, ಮಗಳು ತಿನ್ನುತ್ತಿಲ್ಲ, ಮೌಸಿನ ಗಾಲಿ ತಿರುಗಿಸಿ ಉಬ್ಬುಗಳನ್ನು ಹಿಗ್ಗಿಸುತ್ತಾಳೆ, ಎಲ್ಲಾದರೂ ಒಂದು ಕಡೆ ಗೆರೆ ಚಪ್ಪಟೆಯಾಗಿರಬೇಕಲ್ಲ, ಎಷ್ಟು ಹಿಗ್ಗಿಸಿದರೂ ಇರುಕು ಮಾತ್ರ ಕಾಣುತ್ತದೆ, ಹೀಗಾದರೆ ಯಾರು ತಾನೇ ಉತ್ತರ ಹೇಳಿಯಾರು— ವಾರವಿಡೀ ಅಮ್ಮ ಆ ಪುಟ್ಟ ಸ್ಪೀಕರಿನ ಮುಂದೆ ಕೂತು ಬಾಯಿ ತೆರೆದಿದ್ದಾಳೆ, ಮುಚ್ಚಿದ್ದಾಳೆ, ತೆರೆದಿದ್ದಾಳೆ, ಮೊನ್ನೆಯಿಂದ ತೆರೆಯುವುದನ್ನೇ ಬಿಟ್ಟಿದ್ದಾಳೆ, ಸ್ಪೀಕರ್ ಹತ್ತಿರ ತಂದರೆ ಅಂಗೈ ಎತ್ತಿ ಬೇಡ ಅನ್ನುತ್ತಾಳೆ, ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಿಂದಕ್ಕೆ ಹೋಗ್ತಿದಾಳೆ, ಅಲ್ವಾ, ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಾರೆ, ಮಗಳೂ ಪಿಸುಗುಟ್ಟಿದ್ದಾಳೆ.

ಪದಗಳ ನಡುವಿನ ಮೌನವನ್ನು ಕತ್ತರಿಸಿದವಳು ತಾನೇ. ಬೇರೆ ಯಾರೂ ಅಲ್ಲ, ಯಂತ್ರವೂ ಅಲ್ಲ, ಯಂತ್ರಕ್ಕೆ ಹೇಳಿದವಳು ತಾನು, ಆಸ್ಪತ್ರೆಯ ಆ ಚಿಕ್ಕ ಕೋಣೆಯಲ್ಲಿ ಮಾತು ಕಲಿಸುವ ಮೇಡಂ ಒಂದೊಂದೇ ಪದ ಹೇಳಿ, ಬೆರಳೆತ್ತಿ ಹಿಡಿದು, ಅಮ್ಮನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದರು, ಅದನ್ನು ಅವಳು ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದಳು, ಮನೇಲಿ ದಿನಾ ಹಾಕಿ ಅಂದಿದ್ದರು ಮೇಡಂ, ಅದರಲ್ಲಿ ಫ್ಯಾನಿನ ಗರಗರ, ಹೊರಗೆ ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು, ಅಮ್ಮನಿಗೆ ಸ್ಪಷ್ಟವಾಗಿ ಕೇಳಲಿ ಎಂದು ಕೆಲಸಕ್ಕೆ ಬಂದ ಕೂಡಲೇ ಸ್ಟುಡಿಯೋದ ಕಂಪ್ಯೂಟರಿಗೆ ಇಳಿಸಿ, ಆ ದಿನ ಸಿದ್ಧವಾಗಬೇಕಿದ್ದ ಕೇಳುಪುಸ್ತಕದ ಅಧ್ಯಾಯಗಳ ಸಾಲಿನಲ್ಲೇ ಅದನ್ನೂ ಹಾಕಿ ಒತ್ತಿಬಿಟ್ಟಿದ್ದಳು. ಇಲ್ಲಿ ಬರುವ ಪ್ರತಿ ಧ್ವನಿಯೂ ಆ ಸೆಟ್ಟಿಂಗಿನೊಳಗಿಂದಲೇ ಹಾಯಬೇಕು— ಇಷ್ಟಕ್ಕಿಂತ ಮೆಲ್ಲಗಿರುವುದು ಮೌನ, ಅರೆ ಸೆಕೆಂಡಿಗಿಂತ ಉದ್ದದ ಮೌನ ದಂಡ, ಕತ್ತರಿಸಿ ಚಿಟಿಕೆಯಷ್ಟು ಉಳಿಸು— ಓದುವವರು ಪುಟ ತಿರುವುತ್ತಾರೆ, ನೀರು ಕುಡಿಯುತ್ತಾರೆ, ಸಾಲು ಕಳೆದುಕೊಂಡು ಹುಡುಕುತ್ತಾರೆ, ಕೇಳುವವನಿಗೆ ಅದೆಲ್ಲ ಯಾಕೆ ಬೇಕು, ಬಸ್ಸಿನಲ್ಲಿ ನಿಂತು ಕೇಳುವವನು ಒಂದು ಕ್ಷಣ ಸದ್ದು ನಿಂತರೆ ಫೋನು ಕೆಟ್ಟಿತು ಅಂದುಕೊಳ್ಳುತ್ತಾನೆ. ಕತ್ತರಿ ಮೇಡಂ ಬಂದ್ರು, ಉಸಿರು ಬಿಗಿಹಿಡ್ಕೊಳ್ರಪ್ಪ, ಅದನ್ನೂ ತೆಗೆದುಬಿಟ್ಟಾರು, ಎಂದು ರೆಕಾರ್ಡಿಂಗ್ ನೋಡಿಕೊಳ್ಳುವ ಹಿರಿಯ, ಎಲ್ಲರ ಬಾಯಲ್ಲೂ ಮಾವ, ಅವಳನ್ನು ನೋಡಿ ಬಾಗಿಲಲ್ಲಿ ನಿಂತು ನಗುತ್ತಾರೆ, ಅವಳಿಗೂ ಒಳಗೊಳಗೆ ಹೆಮ್ಮೆ, ತಾನು ಮುಟ್ಟಿದ ಪುಸ್ತಕ ನೀರಿನ ಹಾಗೆ ಹರಿಯುತ್ತದೆ ಎಂದು— ಅಮ್ಮನ ಪಾಠವನ್ನೂ ಹಾಗೇ ಕತ್ತರಿಸಿ ಮೂಲದ ಮೇಲೆಯೇ ಸೇವ್ ಮಾಡಿದ್ದಾಳೆ, ಫೋನಿನಲ್ಲಿ ಜಾಗವಿಲ್ಲ ಎಂದು ಅಲ್ಲಿಯದನ್ನೂ ಅಳಿಸಿದ್ದಾಳೆ, ಅಂದರೆ ಆ ಕೋಣೆಯಲ್ಲಿ ಮೇಡಂ ಕಾದ ಹೊತ್ತು ಈಗ ಎಲ್ಲಿಯೂ ಇಲ್ಲ. ನಾಳೆ ಅವರ ಬಳಿ ಹೋಗಬೇಕು. ನಿನ್ನೆ ಫೋನಿನಲ್ಲಿ ಅವರು ಗಟ್ಟಿಯಾಗೇನೂ ಹೇಳಲಿಲ್ಲ, ಮೆತ್ತಗೇ ಹೇಳಿದರು, ನೋಡಿ, ಕಾಯ್ತಿರೋರು ತುಂಬಾ ಜನ ಇದಾರೆ, ಅವರಿಗೇ ಮನಸ್ಸಿಲ್ಲ ಅಂದ್ರೆ ನಾವು ಬಲವಂತ ಮಾಡೋಕಾಗಲ್ಲ, ನಾಳೆ ಒಂದ್ಸಲ ನೋಡೋಣ, ಪ್ರಯತ್ನವೇ ಇಲ್ಲ ಅಂದ್ರೆ ಸದ್ಯಕ್ಕೆ ನಿಲ್ಲಿಸಿಬಿಡೋಣ.

ಮನಸ್ಸಿಲ್ಲವಂತೆ, ಅಮ್ಮನಿಗೆ, ಮಾತಾಡಲು— ಬಟ್ಟೆ ಅಂಗಡಿಯಲ್ಲಿ ಅಮ್ಮ ನಿಂತರೆ ಗಿರಾಕಿಗೆ ಹೂಂ ಅನ್ನಲೂ ಸಂದಿ ಸಿಗುತ್ತಿರಲಿಲ್ಲ, ಈ ನೀಲಿ ನೋಡಿ, ನಿಮ್ಮ ಮೈಬಣ್ಣಕ್ಕೆ ಹೇಳಿ ಮಾಡಿಸಿದ್ದು, ಬೇಡವಾ, ಸರಿ ಬಿಡಿ, ಆದ್ರೆ ಹೆಗಲ ಮೇಲೆ ಒಮ್ಮೆ ಹಾಕ್ಕೊಂಡು ಬೇಡ ಅನ್ನಿ, ಒಂದು ಕೈಯಲ್ಲಿ ಗಜಕೋಲು, ಇನ್ನೊಂದು ಕೈಯಲ್ಲಿ ಬಟ್ಟೆಯ ಸುರುಳಿ ಬಿಚ್ಚುತ್ತ, ಬಟ್ಟೆ ಮೇಜಿನ ಮೇಲೆ ದೊಪ್ಪನೆ ಉರುಳುವ ಸದ್ದು, ಅದರ ಮೇಲೆ ಅಮ್ಮನ ಮಾತು, ಮನೆಗೆ ಬಂದರೂ ಅದೇ, ಒಲೆಯ ಮುಂದೆ, ಸ್ನಾನದ ಕೋಣೆಯ ಒಳಗಿಂದ, ನಿದ್ದೆ ಹತ್ತುವವರೆಗೂ, ನಿಮ್ಮಮ್ಮನ ನಾಲಿಗೆಗೆ ಭಾನುವಾರನೂ ರಜೆ ಇಲ್ಲ ಅನ್ನುತ್ತಿದ್ದ ಅಪ್ಪ ಪತ್ರಿಕೆ ಎತ್ತಿ ಮುಖ ಮರೆಸಿಕೊಳ್ಳುತ್ತಿದ್ದ, ಅವಳು ಓದುವಾಗ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು, ಅಮ್ಮಾ ಒಂದು ನಿಮಿಷ ಸುಮ್ನಿರ್ತೀಯಾ, ಸುಮ್ನೇ ಇದೀನಲ್ಲೇ, ನಾನೇನು ನಿನ್ನ ಜೊತೆ ಮಾತಾಡ್ತಿದೀನಾ, ನನ್ನಷ್ಟಕ್ಕೆ ನಾನು ಮಾತಾಡ್ಕೊತಿದೀನಿ. ಆಮೇಲೆ ಆ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ ಕೈಯಿಂದ ಬಿದ್ದು, ಆಸ್ಪತ್ರೆಯ ಬಿಳಿ ಪರದೆ, ಡಾಕ್ಟರು ಮೆದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು, ಇಲ್ಲಿ ರಕ್ತ ಹೆಪ್ಪುಗಟ್ಟಿದೆ, ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ, ಹೇಳಬೇಕಾದ ಪದವೂ ಒಳಗೆ ಇದೆ, ಆಚೆ ಬರೋ ದಾರಿ ಮಾತ್ರ ಕಟ್ಟಿದೆ, ಆವತ್ತಿನಿಂದ ಅಮ್ಮ ಏನನ್ನಾದರೂ ಕೇಳಬೇಕಾದಾಗ ಮೊದಲು ಬಾಯಿ ತೆರೆಯುತ್ತದೆ, ನಾಲಿಗೆಯ ತುದಿ ಮೇಲೆದ್ದು ಹಲ್ಲಿನ ಹಿಂದೆ ನಿಲ್ಲುತ್ತದೆ, ನಿಂತೇ ಇರುತ್ತದೆ, ಕಣ್ಣು ಎದುರಿಗಿದ್ದವರ ಮುಖ ಬಿಡುವುದಿಲ್ಲ, ಎದುರಿಗಿದ್ದವರಿಗೆ ತಡೆಯಲಾಗದು, ನೀರಾ, ನೀರು ಬೇಕಾ, ತರ್ತೀನಿ ಇರು, ಎಂದು ಓಡುತ್ತಾರೆ, ತಿರುಗಿ ಬರುವಷ್ಟರಲ್ಲಿ ಬಾಯಿ ಮುಚ್ಚಿರುತ್ತದೆ. ಎಲ್ಲರೂ ಹಾಗೆಯೇ ಮಾಡಿದ್ದು, ಅವಳು ಮಾತ್ರವಲ್ಲ. ಆದರೆ ಅವಳು ಅದನ್ನು ಒಂದು ಗುಂಡಿ ಒತ್ತಿ ಸಾಲಾಗಿ ಎಲ್ಲ ಪದಗಳಿಗೂ ಮಾಡಿಬಿಟ್ಟಳಲ್ಲ.

ಸರಿ, ಬಿಡಿಸಬೇಕು ಈಗ, ಲೆಕ್ಕ ಸುಲಭ, ಪ್ರತಿ ಪದ ಮುಗಿದಲ್ಲಿ ಗೆರೆ ಕೊಯ್ದು ಮೌನ ಸೇರಿಸು, ಕಂಪ್ಯೂಟರಿನ ಪಟ್ಟಿಯಲ್ಲೇ ಆ ಆಜ್ಞೆ ಇದೆ, ಇಷ್ಟು ವರ್ಷದಲ್ಲಿ ಅದನ್ನು ಒತ್ತಿದ್ದು ಬೆರಳೆಣಿಕೆಯಷ್ಟು, ತೆಗೆಯುವುದೇ ಕಸುಬಾದವಳಿಗೆ ಹಾಕುವುದು ಕೈಗೆ ಹೊಂದದು, ಒತ್ತುತ್ತಾಳೆ, ಉಬ್ಬುಗಳು ದೂರ ಸರಿಯುತ್ತವೆ, ನಡುವೆ ಕತ್ತಿಯ ಅಲಗಿನಂಥ ನೇರ ಗೆರೆ, ಚೆನ್ನಾಗಿದೆ, ಮಾವನ ಮೇಜಿನಿಂದ ಮನೆಯಲ್ಲಿರುವಂಥದೇ ಪುಟ್ಟ ಸ್ಪೀಕರ್ ತಂದು ಹಾಕಿ ಕೇಳುತ್ತಾಳೆ— ನೀರು, ಆಮೇಲೆ ಏನೂ ಇಲ್ಲ, ಏನೇನೂ ಇಲ್ಲ, ಗರಗರವೂ ಇಲ್ಲ, ತಂತಿ ಕಿತ್ತುಹೋದ ಹಾಗೆ, ಆಮೇಲೆ, ಗಿಲು. ಗಿಲು? ಬಾಗಿಲಿನ ಬಾ ಎಲ್ಲಿ ಹೋಯಿತು, ಮತ್ತೆ ಹಾಕುತ್ತಾಳೆ, ಚಮಚ ಮಚ ಆಗುತ್ತದೆ, ಕಿಟಕಿ ಟಕಿ, ಮಾವ ಕುರ್ಚಿಯಲ್ಲೇ ತಿರುಗಿ, ಸೊನ್ನೆ ಹಾಕಿದ್ಯಾ, ಹೌದು ಮಾವ, ಸೊನ್ನೆ ಅಂದ್ರೆ ಸದ್ದೇ ಇಲ್ಲ, ಈ ಸ್ಪೀಕರ್ ಡಬ್ಬಿ ನಿದ್ದೆ ಹೋಗುತ್ತಮ್ಮ, ಯಾರೂ ಇಲ್ಲ ಅಂದ್ಕೊಂಡು, ಬ್ಯಾಟರಿ ಉಳಿಸೋಕೆ, ಆಮೇಲೆ ಪದ ಬಂದ್ರೆ ಎದ್ದು ಕಣ್ಣುಜ್ಜಿಕೊಳ್ಳೋ ಹೊತ್ತಿಗೆ ಅರ್ಧ ನುಂಗಿರುತ್ತೆ, ಖಾಲಿ ಮೌನ ಬೇಡ, ಕೋಣೆಯ ಮೌನ ಹಾಕು, ಸಣ್ಣಗೆ ಏನೋ ಇರಬೇಕು, ಜೀವ ಇರೋ ಮನೆಯಲ್ಲಿ ಇರುತ್ತಲ್ಲ, ಅಷ್ಟು. ಅಷ್ಟು ಅವಳ ಬಳಿ ಎಲ್ಲಿದೆ, ಆಸ್ಪತ್ರೆಯ ಕೋಣೆಯದನ್ನು ಒರೆಸಿ ತೆಗೆದಾಗಿದೆ, ಸ್ಟುಡಿಯೋದ ಕೋಣೆಗೆ ಗೋಡೆಗೋಡೆಗೂ ಸ್ಪಂಜು, ಅಲ್ಲಿನ ಮೌನ ಕಿವಿಗೆ ಒತ್ತುತ್ತದೆ, ಹಾಗಾದರೆ ಅಮ್ಮನ ಕೋಣೆಯದೇ ಬೇಕು, ಚಿಕ್ಕಮ್ಮನಿಗೆ ಫೋನು, ಚಿಕ್ಕಮ್ಮಾ ನಿನ್ನ ಫೋನಲ್ಲಿ ರೆಕಾರ್ಡ್ ಒತ್ತಿ ಅಮ್ಮನ ಮಂಚದ ಪಕ್ಕ ಇಡು, ಏನೂ ಮಾತಾಡಬೇಡ, ಏನು ಹಿಡಿಯೋಕೇ ಅದು, ಏನೂ ಇಲ್ಲದ್ದನ್ನ, ಏನೂ ಇಲ್ಲದ್ದನ್ನ ಹಿಡಿದು ಏನ್ಮಾಡ್ತೀಯಾ, ಚಿಕ್ಕಮ್ಮಾ ಒಂದ್ಸಲ ಹೇಳಿದ್ದು ಕೇಳು, ಸುಮ್ನಿರಬೇಕು ಅಷ್ಟೇ, ಎಷ್ಟು ಹೊತ್ತು, ಸ್ವಲ್ಪ ಹೊತ್ತು, ನಿಮ್ಮಮ್ಮನ ತಂಗಿ ಕಣೇ ನಾನು, ಅಷ್ಟು ಕಷ್ಟದ ಕೆಲಸ ನನಗೆ ಹೇಳ್ತೀಯಲ್ಲ.

ರೆಕಾರ್ಡಿಂಗ್ ಬಂತು. ಅವಳು ಕಿವಿಗೆ ದಪ್ಪ ಹೆಡ್‌ಫೋನು ಹಾಕಿ ಕೇಳುತ್ತಾಳೆ, ಮೊದಲು ಚಿಕ್ಕಮ್ಮ, ಸುಮ್ನಿದೀನಿ ನೋಡಪ್ಪ ಶುರು, ನಂತರ ಚಪ್ಪಲಿಯ ಸದ್ದು, ಯಾರ ಜೊತೆಗೂ ಅಲ್ಲದೆ, ಒಲೆ ಮೇಲೆ ಹಾಲಿಟ್ಟಿದ್ದೆ ಮರೆತೆ, ಬಾಗಿಲು ಕಿರ್ ಎಂದಿತು, ಅಲ್ಲಿಂದ ಗೆರೆ ಚಪ್ಪಟೆ, ಸದ್ದಿನ ಮಟ್ಟ ತೋರಿಸುವ ಹಸಿರು ಪಟ್ಟಿ ತಳಕ್ಕೆ ಬಿತ್ತು, ಸೆಟ್ಟಿಂಗಿನ ಲೆಕ್ಕದಲ್ಲಿ ಇದೆಲ್ಲ ದಂಡ, ಅವಳ ಕೈ ಅಭ್ಯಾಸದಿಂದ ಕೊಯ್ಯುವ ಗುಂಡಿಯ ಮೇಲೆ ಹೋಗಿ ನಿಂತಿದೆ, ಬೇಕಾದ್ದು ಇದೇ ಅಲ್ಲವೇ, ಎಂದು ಸದ್ದನ್ನು ಏರಿಸುತ್ತಾಳೆ, ಇನ್ನೂ ಏರಿಸುತ್ತಾಳೆ, ದೂರದಲ್ಲಿ ವಾಹನ, ಗೋಡೆಯಾಚೆ ಯಾರೋ ಪಾತ್ರೆ ಇಟ್ಟರು, ಹಾಸಿಗೆಯ ಮೇಲೆ ಬಟ್ಟೆ ಸರಿದ ಸದ್ದು, ಅಮ್ಮ ಮಗ್ಗುಲಾದಳು, ಉಸಿರು, ಇನ್ನೊಂದು ಉಸಿರು, ಆಮೇಲೆ ಏನೋ ಪಿಚ್ಚೆಂದಿತು, ತುಟಿಗಳು ಬಿಡಿಸಿಕೊಂಡ ಸದ್ದು, ಎಷ್ಟೋ ಹೊತ್ತು ಏನಿಲ್ಲ— ಎಷ್ಟೋ ಹೊತ್ತು— ಅವಳು ಮುಂದಕ್ಕೆ ಓಡಿಸಲು ಹೊರಟು ಕೈ ಹಿಂದೆಗೆಯುತ್ತಾಳೆ, ಆಗ, ಧೂಳಿನಂತೆ ತೆಳ್ಳಗೆ, ನೀ. ಮತ್ತೆ ಉಸಿರು. ನೀ. ಯಾರೂ ಇಲ್ಲ ಕೋಣೆಯಲ್ಲಿ, ಸ್ಪೀಕರ್ ಆರಿದೆ, ಚಿಕ್ಕಮ್ಮ ಹಾಲಿನ ಮುಂದೆ, ಅಮ್ಮ ಗೋಡೆಗೆ ಮುಖ ಮಾಡಿ ಮಲಗಿ ಒಬ್ಬಳೇ ಯತ್ನ ಮಾಡುತ್ತಿದ್ದಾಳೆ, ನೀ— ರು ಬರಲಿಲ್ಲ, ಆದರೂ ನೀ. ಮನಸ್ಸಿಲ್ಲವಂತೆ. ಏನಮ್ಮ ಕತ್ತರಿ, ಕಣ್ಣಿಗೆ ಏನು ಬಿತ್ತು, ಮಾವ ಎದ್ದು ಬಂದಿದ್ದಾರೆ, ಏನಿಲ್ಲ ಮಾವ, ಅವಳು ಹೆಡ್‌ಫೋನನ್ನು ಅವರ ಕಿವಿಗೆ ಹಿಡಿಯುತ್ತಾಳೆ, ಅವರು ಕೇಳಿ, ಗೋಡೆ ನೋಡಿ, ಹೆಡ್‌ಫೋನನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟು ತಮ್ಮ ಕುರ್ಚಿಗೆ ಹೋಗುತ್ತಾರೆ. ತುಟಿ ಬಿಟ್ಟಲ್ಲಿಂದ ನೀ ಎಂದಲ್ಲಿಯವರೆಗೆ— ಎಷ್ಟು ಎಂದು ಅವಳು ಅಂಕಿ ನೋಡುವುದಿಲ್ಲ, ಆ ತುಂಡಿನ ಉದ್ದವನ್ನೇ ಎತ್ತಿ, ಅಮ್ಮ ಗಜಕೋಲು ಇಟ್ಟು ಒಂದಿಷ್ಟು ಹೆಚ್ಚೇ ಬಿಟ್ಟು ಕತ್ತರಿಸುತ್ತಿದ್ದ ಹಾಗೆ ಮೇಲೊಂದಿಷ್ಟು ಸೇರಿಸಿ, ಪ್ರತಿ ಪದ ಮುಗಿದಲ್ಲಿ ಅಷ್ಟು ಜಾಗ ಬಿಡಿಸಿ, ಅದರಲ್ಲಿ ಆ ಕೋಣೆಯದೇ ದೂರದ ವಾಹನ, ಗೋಡೆಯಾಚೆಯ ಪಾತ್ರೆಯ ಸದ್ದು ಹಾಸುತ್ತ ಹೋಗುತ್ತಾಳೆ, ಕೇಳುಪುಸ್ತಕದ ಅಧ್ಯಾಯ ಇವತ್ತು ಹೋಗಬೇಕು ಎಂದು ಮ್ಯಾನೇಜರು ಎರಡು ಸಲ ಬಾಗಿಲಲ್ಲಿ ನಿಂತು ಹೋದರು, ಹೋಗುತ್ತೆ ಸಾರ್, ನಾಳೆ ಹೋಗುತ್ತೆ.

ಹೊತ್ತು ಇಳಿಯುವ ಮುಂಚೆ ಮನೆ, ಅಮ್ಮನ ಮಂಚದ ಅಂಚು, ಸ್ಪೀಕರ್ ನೋಡಿದ ಕೂಡಲೇ ಅಂಗೈ ಮೇಲೆದ್ದಿದೆ, ಬೇಡ, ಅವಳು ಆ ಅಂಗೈಯನ್ನು ತನ್ನೆರಡು ಕೈಯೊಳಗೆ ಇಟ್ಟುಕೊಳ್ಳುತ್ತಾಳೆ, ಅಮ್ಮಾ, ನೀನು ಹಿಂದೆ ಬಿದ್ದಿದ್ದಲ್ಲ, ನೀನು ಹೇಳೋಕೆ ಅಂತ ಮೇಡಂ ಜಾಗ ಬಿಟ್ಟಿದ್ರು, ನಾನು ಅದನ್ನೆಲ್ಲ ಕತ್ತರಿಸಿ ಎಸೆದುಬಿಟ್ಟಿದ್ದೆ, ಪುಸ್ತಕ ಅಂದ್ಕೊಂಡು, ಯಾರೇ ಆಗಿದ್ರೂ ಹೇಳೋಕಾಗ್ತಿರಲಿಲ್ಲ, ನಾನೇ ಮಾಡಿದ್ದು. ಅಮ್ಮನ ಕಣ್ಣು ಅವಳ ಮುಖದ ಮೇಲೆ ನಿಂತಿದೆ, ಕದಲುವುದಿಲ್ಲ, ಅಂಗಡಿಯಲ್ಲಿ ಬಟ್ಟೆಯ ಬಣ್ಣ ಬಿಡುತ್ತದೋ ಎಂದು ನೋಡುತ್ತಿದ್ದ ಕಣ್ಣು, ಅರ್ಥವಾಯಿತೋ, ಮತ್ತೊಮ್ಮೆ ಹೇಳಬೇಕೋ ಎಂದು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ, ಪೆದ್ದಿ, ಎಂದಳು ಅಮ್ಮ. ಇಡಿಯಾಗಿ, ಎಡವದೆ, ಹಳೆಯ ಧ್ವನಿಯಲ್ಲಿ. ಅಡುಗೆಮನೆಯಿಂದ ಚಿಕ್ಕಮ್ಮ, ಯಾರೇ ಬಯ್ದಿದ್ದು, ಅಕ್ಕಾ, ನೀನಾ, ಎಂದು ಸೌಟು ಹಿಡಿದೇ ಓಡಿಬಂದಳು, ಅಮ್ಮ ತನ್ನ ಬಾಯಿಂದ ಬಿದ್ದದ್ದಕ್ಕೆ ತಾನೇ ಬೆಚ್ಚಿ, ಮತ್ತೊಮ್ಮೆ ಹೇಳಲು ಹೋದಳು, ಬರಲಿಲ್ಲ, ಬಯ್ಗುಳ ಬಂದ ದಾರಿಯಲ್ಲಿ ಬೇರೆ ಏನೂ ಬರಲಿಲ್ಲ, ಮುಖ ಮತ್ತೆ ಮುದುಡತೊಡಗಿದೆ, ಹಾಕಲೋ ಬೇಡವೋ, ಈಗ ಹಾಕಿ ಇದೂ ತಪ್ಪಿದರೆ ನಾಳೆ ಮೇಡಂ ಮುಂದೆ ಆ ಅಂಗೈ ಇಳಿಯುವುದೇ ಇಲ್ಲ, ಅಮ್ಮ ಅವಳ ಕೈಯೊಳಗಿಂದ ತನ್ನ ಕೈ ಬಿಡಿಸಿಕೊಂಡು, ಒಂದು ಬೆರಳನ್ನು ಸ್ಪೀಕರಿನತ್ತ ಚಾಚಿದಳು. ಮಗಳು ಹಾಕಿದಳು. ನೀರು, ಎಂದರು ಮೇಡಂ, ನೀ ಕೂಡ ಇತ್ತು, ರು ಕೂಡ ಇತ್ತು, ಆಮೇಲೆ ಕೋಣೆಯೊಳಗೆ ಕೋಣೆಯ ಸದ್ದು, ಇದು ಸ್ಪೀಕರಿನದೋ ಕಿಟಕಿಯಾಚೆಯದೋ ಗೊತ್ತಾಗದು, ಅಮ್ಮನ ಬಾಯಿ ತೆರೆಯಿತು, ಚಿಕ್ಕಮ್ಮನ ತುಟಿ ಆಗಲೇ ನೀ ಎನ್ನಲು ಅಗಲವಾಗಿದೆ, ಅವಳು ಚಿಕ್ಕಮ್ಮನ ಮೊಣಕೈ ಹಿಡಿದಳು, ಬೇಡ, ತನ್ನ ಬಾಯೊಳಗೂ ಪದ ನಿಂತು ಕುದಿಯುತ್ತಿದೆ, ಹೇಳಿಬಿಟ್ಟರೆ ಎಷ್ಟು ಹಗುರ, ಹೇಳಬಾರದು, ಇದು ತನ್ನದಲ್ಲ, ಜಾಗ ಇನ್ನೂ ಇದೆ, ಇನ್ನೂ ಇದೆ, ಅಮ್ಮನ ತೆರೆದ ಬಾಯಿ, ಹಲ್ಲಿನ ಹಿಂದೆ ಎದ್ದು ನಿಂತ ನಾಲಿಗೆಯ ತುದಿ, ಮುಂದಿನ ಪದ ಬರುತ್ತಿಲ್ಲ, ಯಾರೂ ಓಡುತ್ತಿಲ್ಲ, ತೆರೆದ ಬಾಯಿ, ಹಲ್ಲಿನ ಹಿಂದೆ ನಾಲಿಗೆಯ ತುದಿ, ನಾಲಿಗೆಯ ತುದಿ—